ಸರಳ ಅಂದರೆ ಸಸಾರವಲ್ಲ

ನಮ್ಮ ಹೋರಾಟದ ಹಾಡುಗಳ ಬಗ್ಗೆ ಒಂದು ಮಾತು ಐವತ್ತು ವರ್ಷದಿಂದ ಸವೆಯದೆ ಚಲಾವಣೆಯಲ್ಲಿದೆ. 'ಹಾಡೇನೋ ಚೆನ್ನಾಗಿದೆ, ಆದರೆ ತೀರಾ ಸರಳ.' ವಿಚಾರ ಸಂಕಿರಣಗಳಲ್ಲಿ ಈ ಮಾತು ಕೇಳಿದ್ದೇನೆ, ಪುಸ್ತಕ ವಿಮರ್ಶೆಗಳಲ್ಲಿ ಓದಿದ್ದೇನೆ. ಈಗೀಗ ನಮ್ಮ ಹುಡುಗರ ಬಾಯಲ್ಲೂ ಬರ್ತಾ ಇದೆ. ಡಿಗ್ರಿ ಮುಗಿಸಿ ನಾಲ್ಕು ಪುಸ್ತಕ ಓದಿಕೊಂಡ ಮೇಲೆ ತಾವು ಕೇರಿಯಲ್ಲಿ ಕಲಿತ ಹಾಡು ಕಂಡರೆ ಅವರಿಗೆ ಕೊಂಚ ನಾಚಿಕೆ.

ಬೇಂದ್ರೆಯವರ ಹಾಡಿನ ಬಗ್ಗೆ ಮಾತಾಡುವಾಗ ಇದೇ ಪಂಡಿತರು 'ಎಷ್ಟು ಸರಳ!' ಅಂತ ಕಣ್ಣರಳಿಸುತ್ತಾರೆ. ಶಿಶುನಾಳ ಷರೀಫರ ಒಂದು ತತ್ವಪದಕ್ಕೆ ನಾಲ್ಕು ಪುಟ ವ್ಯಾಖ್ಯಾನ ಬರೀತಾರೆ; ಸರಳ ಮಾತಿನೊಳಗೆ ಎಂಥ ಅನುಭಾವ ಅಂತಾರೆ. ಅದೇ ಸರಳತೆ ಹೊಲಗೇರಿಯಿಂದ ಎದ್ದು ಬಂದರೆ ಮಾತ್ರ ಅದು ಕೊರತೆ. ಅಂದಮೇಲೆ ಇವರು ತಕ್ಕಡಿಗೆ ಹಾಕಿರೋದು ಹಾಡನ್ನಲ್ಲ, ಹಾಡಿದವನ ಕೇರಿಯನ್ನ.

ಹೀಗಂತ ಬೈದು ಸುಮ್ಮನಾದರೆ ಸಾಲದು. ಸರಳತೆ ಅಂದರೇನು ಅಂತ ನಾವೇ ಬಿಡಿಸಿ ನೋಡಬೇಕು. ಯಾಕೆಂದರೆ ಸರಳ ಅನ್ನೋ ಹೆಸರಲ್ಲಿ ನಮ್ಮ ನಡುವೆಯೂ ಕಳಪೆ ಸರಕು ಬೇಕಾದಷ್ಟು ಬರ್ತಾ ಇದೆ. ನಮ್ಮ ಕಡೆ 'ಸಸಾರ' ಅಂತ ಒಂದು ಮಾತಿದೆ. ಬೆಲೆ ಇಲ್ಲದ್ದು, ಯಾರು ಬೇಕಾದರೂ ಕಡೆಗಣಿಸಬಹುದಾದ್ದು ಅಂತ ಅರ್ಥ. ಸರಳ ಬೇರೆ, ಸಸಾರ ಬೇರೆ. ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿರೋದು ಪಂಡಿತರಷ್ಟೇ ಅಲ್ಲ, ನಾವೂ ಹೌದು.

1

ನಾನು ಯಡಿಯೂರು ಕಡೆಯವನು, ಕುಣಿಗಲ್ ತಾಲ್ಲೂಕು. ನಮ್ಮ ಕುಣಿಗಲ್ ಕೆರೆಯ ಮೇಲಿರೋ ಜನಪದ ಹಾಡು ಇಡೀ ಕನ್ನಡ ನಾಡಿಗೆ ಗೊತ್ತು. ಶಾಲೆಯ ವಾರ್ಷಿಕೋತ್ಸವ ಇರಲಿ, ರಾಜ್ಯೋತ್ಸವ ಇರಲಿ, ಯಾರೋ ಒಬ್ಬರು ಅದನ್ನ ಎತ್ತಿಕೊಳ್ತಾರೆ. ಕಟ್ಟಿದವರು ಯಾರು ಅಂತ ಹೆಸರಿಲ್ಲ. ಆ ಹಾಡಿನಲ್ಲಿ ಇರೋದಾದರೂ ಏನು? ತುಂಬಿದ ಕೆರೆ, ಅದನ್ನ ನೋಡೋ ಸುಖ, ಮೂಡಿ ಬರೋ ಚಂದ್ರ. ಮನೆಯಲ್ಲಿ ಆಡದ ಒಂದು ಪದವೂ ಅದರಲ್ಲಿಲ್ಲ. ಸಾಲು ಚಿಕ್ಕದು. ಚಂದ್ರ ಮತ್ತೆ ಮತ್ತೆ ಮೂಡಿ ಬರೋ ಹಾಗೆ ಅದೇ ಸೊಲ್ಲು ಮರಳಿ ಬರುತ್ತೆ. ಮರಳಿ ಬರೋ ಸೊಲ್ಲನ್ನ ಮಕ್ಕಳು ಮೂರನೇ ಸಾಲಿನ ಹೊತ್ತಿಗೆ ತಾವೇ ಹಿಡಿದುಬಿಡ್ತಾರೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯದೆ ಕಲಿಸಬಹುದಾದ ಹಾಡು ಅದು.

ಇಲ್ಲೇ ಸರಳತೆಯ ಮೊದಲ ಗುಣ ಸಿಗುತ್ತೆ. ಸರಳ ಹಾಡು ಅಂದರೆ ಕೇಳಿದವನ ಕೈಗೆ ತನ್ನ ಒಡೆತನವನ್ನ ಒಪ್ಪಿಸಿಬಿಡೋ ಹಾಡು. ಹಾಡುಗಾರ ಎದ್ದು ಹೋದರೂ ಹಾಡು ಅಲ್ಲೇ ಉಳಿಯುತ್ತೆ. ಹೆಸರಿಲ್ಲದೆಯೂ ಅದು ಇಷ್ಟು ದೂರ ನಡೆದು ಬಂದಿದ್ದು ಆ ಗುಣದಿಂದ.

ಆದರೆ ಬಂಡಾಯದ ಕಣ್ಣಿಗೆ ಇನ್ನೊಂದೂ ಕಾಣಬೇಕು. ಕೆರೆ ಚೆಂದ ಅಂತ ಹಾಡಿದ್ದಾಯಿತು. ಆ ಕೆರೆಗಳ ಮಣ್ಣು ಹೊತ್ತವರು ಯಾರು? ಏರಿಗೆ ಕಲ್ಲು ಜೋಡಿಸಿದವರು ಯಾರು? ನಮ್ಮ ಸೀಮೆಯ ಊರೂರಿನಲ್ಲೂ ಕೆರೆ ಬಾವಿ ನೋಡಬಹುದು, ಮುಟ್ಟಬಾರದು ಅನ್ನೋ ಕಾಲ ಇತ್ತು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯ ನೀರನ್ನ ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿ ಕುಡಿದಾಗ ಅದು ಒಂದು ಚಳುವಳಿ ಆಗಬೇಕಾಯಿತು. ಕೆರೆಯ ಸೊಬಗನ್ನ ಹಾಡಿದ ಸರಳ ಹಾಡಿಗೆ ಈ ಸಂಗತಿ ಗೊತ್ತಿಲ್ಲ, ಇಲ್ಲವೇ ಹೇಳಬೇಕು ಅನ್ನಿಸಿಲ್ಲ. ಆದ್ದರಿಂದ ಸರಳವಾಗಿದ್ದ ಮಾತ್ರಕ್ಕೆ ಒಂದು ಹಾಡು ನಮ್ಮ ಪರ ಅಂತ ತಿಳಿಯಬಾರದು. ಸರಳತೆ ಕುಡುಗೋಲಿನ ಹಾಗೆ. ಯಾರ ಹೊಲ ಕುಯ್ಯುತ್ತೆ ಅನ್ನೋದು ಹಿಡಿದ ಕೈಗೆ ಸೇರಿದ್ದು.

ಹಿಡಿದ ಕೈ ಬೇರೆಯಾದರೆ ಏನಾಗುತ್ತೆ ಅಂತ ನೋಡಬೇಕಾದರೆ 'ಕೆರೆಗೆ ಹಾರ' ಓದಿ. ಅದೂ ಕೆರೆಯ ಹಾಡೇ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ನೀರು ಬರೋಲ್ಲ. ಕಿರಿ ಸೊಸೆ ಭಾಗೀರಥಿಯನ್ನ ಬಲಿ ಕೊಡಬೇಕು ಅಂತ ಶಾಸ್ತ್ರ ಹೇಳುತ್ತೆ. ಅವಳು ತವರಿಗೆ ಹೋಗ್ತಾಳೆ, ಗೆಳತಿಯ ಹತ್ತಿರ ಹೋಗ್ತಾಳೆ, ಬರ್ತಾಳೆ, ಕೆರೆಗೆ ಹೋಗ್ತಾಳೆ. ಕಥೆ ಹೇಳೋ ಹೆಣ್ಣು ಎಲ್ಲಿಯೂ 'ಅಯ್ಯೋ ಅನ್ಯಾಯ' ಅನ್ನೋಲ್ಲ. ಮನೆ ಕೆಲಸದ ಪಟ್ಟಿ ಒಪ್ಪಿಸಿದ ಹಾಗೆ ಒಂದೊಂದೇ ಸಂಗತಿ ಹೇಳ್ತಾ ಹೋಗ್ತಾಳೆ. ಕೊನೆಗೆ ಗಂಡ ಮಾದೇವರಾಯ ಬಂದು ಅದೇ ಕೆರೆಗೆ ಹಾರ್ತಾನೆ. ಅಲಂಕಾರ ಇದ್ದಿದ್ದರೆ ನಾವು ಅಲಂಕಾರ ನೋಡ್ತಾ ಬಚಾವಾಗ್ತಿದ್ವಿ. ಕಣ್ಣೀರು ಅವಳೇ ಸುರಿಸಿದ್ದರೆ ನಮ್ಮ ಪಾಲಿನದು ಉಳೀತಿರಲಿಲ್ಲ. ಏನೂ ಇಲ್ಲದ್ದರಿಂದ ಕೇಳಿದವನಿಗೆ ಅಡಗೋಕೆ ಜಾಗ ಇಲ್ಲ. ಇಂಥ ಹಾಡನ್ನ ಸಸಾರ ಅನ್ನೋ ಧೈರ್ಯ ಯಾವ ಪಂಡಿತನಿಗಿದೆ?

2

ಸರಳ ಅಂದರೆ ಸುಲಭ ಅನ್ನೋದು ಇನ್ನೊಂದು ತಪ್ಪು ತಿಳುವಳಿಕೆ. ನಮ್ಮವ್ವಂದಿರು ರಾಗಿ ಬೀಸ್ತಾ ಹಾಡಿದ ತ್ರಿಪದಿಯನ್ನೇ ತಗೊಳ್ಳಿ. ಮೂರು ಸಾಲು, ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಮಿಕ್ಕಿದ್ದು ವಿಷ್ಣುಗಣ. ಇದನ್ನ ಕಾಲೇಜಿನಲ್ಲಿ ಕಲಿಯೋಕೆ ನನಗೆ ಒಂದು ವಾರ ಹಿಡೀತು. ಅಕ್ಷರ ಕಲಿಯದ ಹೆಂಗಸರು ಬೆಳಗಿನ ಜಾವ ಬೀಸೋ ಕಲ್ಲಿನ ಮುಂದೆ ಕೂತು ಇದನ್ನ ತಪ್ಪಿಲ್ಲದೆ ಕಟ್ಟಿದರು. ಅಂಶಗಣದ ಗುಟ್ಟೇ ಅದು. ಮಾತ್ರೆ ಎಣಿಸಬೇಕಾಗಿಲ್ಲ. ಪದ ಚಿಕ್ಕದಾದರೆ ಎಳೀತಾರೆ, ದೊಡ್ಡದಾದರೆ ಅದುಮಿ ಹೇಳ್ತಾರೆ. ತಾಳವನ್ನ ಕಲ್ಲು ಎಳೆಯೋ ತೋಳೇ ನೋಡಿಕೊಳ್ಳುತ್ತೆ.

ಹಾಡುವಾಗ ಎರಡನೇ ಸಾಲನ್ನ ಮತ್ತೊಮ್ಮೆ ಎತ್ತಿಕೊಂಡು ಮೂರನೆಯದಕ್ಕೆ ಜೋಡಿಸ್ತಾರೆ. ಓದಿದವರಿಗೆ ಇದು ಬರೀ ಪುನರುಕ್ತಿ ಅನ್ನಿಸಬಹುದು. ಕಲ್ಲಿನ ಆ ಕಡೆ ಕೂತ ಜೊತೆಗಾತಿಗೆ ಅದು ದನಿಗೂಡಿಸೋ ಜಾಗ. ಎತ್ತಿಕೊಟ್ಟವಳಿಗೆ ಮುಂದಿನ ಸಾಲು ನೆನೆಸಿಕೊಳ್ಳೋ ಬಿಡುವು. ಕೆಲಸ, ಉಸಿರು, ನೆನಪು, ಜೊತೆ ಇಷ್ಟನ್ನೂ ಮೂರು ಸಾಲಿನಲ್ಲಿ ಲೆಕ್ಕ ಹಾಕಿ ಇಟ್ಟಿದ್ದಾರೆ. 1931ರಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದ ಮೇಲೆ ಓದುಬಲ್ಲ ಕನ್ನಡಿಗರಿಗೆ ಇದು ಕಾವ್ಯ ಅಂತ ಗೊತ್ತಾಯಿತು. ಹಾಡೋರಿಗೆ ಮೊದಲೇ ಗೊತ್ತಿತ್ತು.

ಯಡಿಯೂರಿನಲ್ಲೇ ಇನ್ನೊಂದು ಪಾಠ ಇದೆ. ಇಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗರು ಷಟ್‌ಸ್ಥಲದ ಮೇಲೆ ಏಳುನೂರರಷ್ಟು ವಚನ ಬರೆದವರು. ಗಟ್ಟಿ ತತ್ವ, ಬಿಗಿಯಾದ ಮಾತು. ಕೂತು, ಬಿಡಿಸಿ, ಗುರುಮುಖದಿಂದ ತಿಳಿದುಕೊಳ್ಳಬೇಕಾದ್ದು. ಚೈತ್ರದ ತೇರಿಗೆ ಸುತ್ತಲ ಹಳ್ಳಿಗಳಿಂದ ನಡೆದು ಬರೋ ಜನ ದಾರಿಯಲ್ಲಿ ಹಾಡೋದು ಆ ವಚನಗಳನ್ನಲ್ಲ. ಅವರ ಹೆಸರು ಹಿಡಿದು ಕಟ್ಟಿದ ನಾಲ್ಕು ಸಾಲಿನ ಭಜನೆ ಪದ. ವಚನಕ್ಕಾಗಲಿ ಪದಕ್ಕಾಗಲಿ ಇದರಿಂದ ಅವಮಾನ ಇಲ್ಲ. ಕೂತು ಓದೋ ಮಾತಿನ ಕೆಲಸ ಬೇರೆ, ನಡೀತಾ ಹಾಡೋ ಮಾತಿನ ಕೆಲಸ ಬೇರೆ. ಶರಣರಿಗೇ ಈ ವಿವೇಕ ಇತ್ತು. ವಚನದ ಜೊತೆಗೆ ಪಲ್ಲವಿ, ನುಡಿ ಇಟ್ಟು ಹಾಡೋಕೆ ಅಂತಲೇ ಸ್ವರವಚನಗಳನ್ನ ಬೇರೆ ಕಟ್ಟಿದರು. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದ್ದನ್ನ ಕೇಳಿದರೆ ಮೈ ಜುಂ ಅನ್ನುತ್ತೆ. ಆದರೆ ಅದು ಕೇಳೋ ಹಾಡು. ಕೇಳೋ ಹಾಡಿನ ಅಳತೆಗೋಲು ಹಿಡಿದು ಹಾಡೋ ಹಾಡನ್ನ ಅಳೆಯೋದೇ ನಮ್ಮ ವಿಮರ್ಶೆಯ ರೋಗ.

3

ಈಗ ನಮ್ಮ ಚಳುವಳಿಯ ಹಾಡಿಗೆ ಬರೋಣ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಬೇಗುದಿಯಿಂದ ಎದ್ದ ತಲೆಮಾರು ದಲಿತ ಸಂಘರ್ಷ ಸಮಿತಿ ಕಟ್ಟಿತು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು.

ಆ ಹೊತ್ತಿನ ಕನ್ನಡ ಕಾವ್ಯದ ಪರಿಸ್ಥಿತಿ ನೆನೆಸಿಕೊಳ್ಳಬೇಕು. ನವ್ಯರು ಹಾಡುಗಬ್ಬದಿಂದ ದೂರ ಸರಿದಿದ್ದರು. ಕವಿತೆ ಅಂದರೆ ಒಬ್ಬನೇ ಕೂತು, ಎರಡು ಮೂರು ಸಲ ಓದಿ, ಪ್ರತಿಮೆ ಬಿಡಿಸಿಕೊಂಡು ತಿಳಿಯಬೇಕಾದ್ದು. ಒಬ್ಬನೇ ಕೂರೋಕೆ ಒಂದು ಕೋಣೆ ಬೇಕು, ಓದೋಕೆ ದೀಪ ಬೇಕು, ಅದಕ್ಕೂ ಮೊದಲು ಅಕ್ಷರ ಬೇಕು. ಮೂರೂ ಇಲ್ಲದ ಜನಕ್ಕೆ ಆ ಕಾವ್ಯ ಬೀಗ ಹಾಕಿದ ಮನೆ. ಸಿದ್ದಲಿಂಗಯ್ಯ ತಮ್ಮ ಸಂಕಲನದ ಹೆಸರಲ್ಲೇ 'ಹಾಡು' ಅನ್ನೋ ಪದ ಇಟ್ಟರು. ಅದರ ಪಕ್ಕ ಬೈಗುಳವಾಗಿ ಬಳಕೆಯಾಗ್ತಿದ್ದ ಎರಡು ಜಾತಿಯ ಹೆಸರು ಇಟ್ಟರು. ಕೇರಿಯಲ್ಲಿ ಸಿಟ್ಟು ಬಂದಾಗ ಬರೋ ಮಾತನ್ನ ಹಾಗೇ ಎತ್ತಿ ಅಚ್ಚಿಗೆ ಕೊಟ್ಟರು. ಇದು ಕಾವ್ಯವೋ ಘೋಷಣೆಯೋ ಅಂತ ಆಗ ಶುರುವಾದ ಚರ್ಚೆ ಇವತ್ತಿಗೂ ಮುಗಿದಿಲ್ಲ.

ಒಂದು ವಿಷಯ ಗಮನಿಸಿ. ಸಿದ್ದಲಿಂಗಯ್ಯ ಕನ್ನಡ ಎಂ.ಎ. ಓದಿದವರು, ಮುಂದೆ ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದವರು. ಕಷ್ಟವಾಗಿ ಬರೆಯೋಕೆ ಬರದೆ ಸರಳವಾಗಿ ಬರೆದವರಲ್ಲ. ಅವರು ಬೇಕು ಅಂತಲೇ ಆರಿಸಿಕೊಂಡ ದಾರಿ ಅದು.

1947ರ ಸ್ವಾತಂತ್ರ್ಯ ಯಾರ ಪಾಲಿಗೆ ಬಂತು ಅಂತ ಕೇಳೋ ಅವರ ಹಾಡು ನಮಗೆಲ್ಲ ಬಾಯಿಪಾಠ. ಆ ಹಾಡಿನ ಕಟ್ಟೋಣ ನೋಡಿ. ಪಲ್ಲವಿಯೇ ಒಂದು ಪ್ರಶ್ನೆ. ಎತ್ತಿಕೊಟ್ಟವನು ಉಳ್ಳವರ ಹೆಸರನ್ನ ಒಂದೊಂದಾಗಿ ಹೇಳ್ತಾ ಹೋಗ್ತಾನೆ, ಸೇರಿದ ಜನ ಮತ್ತೆ ಮತ್ತೆ ಪ್ರಶ್ನೆ ಹಾಕ್ತಾರೆ. ಪಲ್ಲವಿ ಒಂದು ಅಭಿಪ್ರಾಯವಾಗಿದ್ದರೆ ಜನ ಅದನ್ನ ಒಪ್ಪಬೇಕಿತ್ತು. ಪ್ರಶ್ನೆಯಾದ್ದರಿಂದ ಅದು ಅವರದ್ದೇ ಪ್ರಶ್ನೆ ಆಗಿಬಿಡುತ್ತೆ. ಹತ್ತು ಸಲ ಪ್ರಶ್ನೆ ಕೇಳಿದ ಕೂಲಿಯವನು ಹಾಡು ಮುಗಿದ ಮೇಲೆ ಮನೆಗೆ ಹೋಗೋದು ಆ ಪ್ರಶ್ನೆಯನ್ನ ತಲೆಯಲ್ಲಿಟ್ಟುಕೊಂಡೇ. ಅರ್ಥಶಾಸ್ತ್ರದ ಒಂದು ಇಡೀ ಪುಸ್ತಕ ಮಾಡಬೇಕಾದ ಕೆಲಸ ಇದು. ಒಂದು ಅಡ್ಡ ಪದ ಬಂದಿದ್ದರೆ, ಸಾಲು ಒಂದು ಉಸಿರಿಗಿಂತ ಉದ್ದ ಆಗಿದ್ದರೆ, ಈ ಕೆಲಸ ಆಗ್ತಿರಲಿಲ್ಲ.

1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು, ಸಮುದಾಯದ ಜಾಥಾ ಊರೂರು ತಿರುಗಿತು. ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಥರದ ಹಾಡುಗಾರರು, ಕೋಟಿಗಾನಹಳ್ಳಿ ರಾಮಯ್ಯನವರಂಥ ಪದ ಕಟ್ಟೋರು ಈ ಹಾದಿಯಲ್ಲಿ ನಡೆದರು. ಇವರಿಂದ ಹಾಡು ಕಲಿತ ಎಷ್ಟೋ ಜನ ತಮ್ಮ ಊರಿಗೆ ಹೋಗಿ, ಆ ಊರಿನ ಜಮೀನ್ದಾರನ ಕಥೆ, ಆ ಊರಿನ ಬಾವಿಯ ಕಥೆ ಸೇರಿಸಿ ಅದೇ ಮಟ್ಟಿನಲ್ಲಿ ಹಾಡಿದರು. ಹೊಸ ನುಡಿಗೆ ಜಾಗ ಬಿಟ್ಟಿರೋದು ಸರಳ ಹಾಡಿನ ದೊಡ್ಡ ಲಕ್ಷಣ.

4

ಇಂಥ ಹಾಡಿಗೂ ಒಂದು ವ್ಯಾಕರಣ ಇದೆ. ಅದನ್ನ ಬಯಲಿನ ವ್ಯಾಕರಣ ಅಂತ ಕರೀತೇನೆ. ಮೈಕಿಲ್ಲದ ಬಯಲಿನಲ್ಲಿ, ನಡೀತಾ ಇರೋ ಮೆರವಣಿಗೆಯಲ್ಲಿ ಹಾಡಿ ನೋಡಿದವರಿಗೆ ಅದು ತಾನಾಗಿ ಗೊತ್ತಾಗುತ್ತೆ.

ಮೊದಲನೆಯದು, ರಾಗದ ಹರವು. ಬಯಲಿನಲ್ಲಿ ಶ್ರುತಿ ಪೆಟ್ಟಿಗೆ ಇರೋಲ್ಲ. ಯಾರು ಎತ್ತಿಕೊಳ್ತಾರೋ ಅವರದ್ದೇ ಶ್ರುತಿ. ಆ ಶ್ರುತಿಯಲ್ಲಿ ಗಂಡಸರೂ ಹೆಂಗಸರೂ ಮಕ್ಕಳೂ ಹಾಡಬೇಕು. ಹಾಗಾಗಿ ಮಟ್ಟು ಷಡ್ಜದಿಂದ ಐದಾರು ಸ್ವರದೊಳಗೇ ತಿರುಗಿ ಮನೆಗೆ ಬರಬೇಕು. ತಾರಕ್ಕೆ ಜಿಗಿದರೆ ಅರ್ಧ ಜನ ಬಾಯಿ ಮುಚ್ಚಿಕೊಳ್ತಾರೆ.

ಎರಡನೆಯದು, ಉಸಿರು. ನಡೆಯೋನ ಉಸಿರು ಕೂತವನ ಉಸಿರಿಗಿಂತ ಗಿಡ್ಡ. ಒಂದು ಸಾಲು ಒಂದೇ ಉಸಿರಿನಲ್ಲಿ ಮುಗೀಬೇಕು.

ಮೂರನೆಯದು, ಸಾಲಿನ ಕೊನೆ. 'ಆ', 'ಓ' ಥರದ ದೀರ್ಘ ಸ್ವರದಲ್ಲಿ ಮುಗಿದ ಸಾಲು ಕೆರೆ ಏರಿಯ ಆ ಕಡೆಗೂ ಕೇಳುತ್ತೆ. ಒತ್ತಕ್ಷರ ಗುಡ್ಡೆ ಹಾಕಿಕೊಂಡು ಮುಗಿಯೋ ಸಾಲು ಹತ್ತು ಮಾರು ದಾಟೋದಿಲ್ಲ. ಸಂಸ್ಕೃತದ ಉದ್ದ ಸಮಾಸ ಮೆರವಣಿಗೆಯ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹೋಗೋ ಹೊತ್ತಿಗೆ ಗದ್ದಲ ಆಗಿರುತ್ತೆ.

ನಾಲ್ಕನೆಯದು, ಬಾಯಿ. ನಮ್ಮ ಕಡೆ ಹಳ್ಳಿಯ ಬಾಯಲ್ಲಿ ಮಹಾಪ್ರಾಣ ನಿಲ್ಲೋಲ್ಲ, 'ಹ'ಕಾರ 'ಅ' ಆಗುತ್ತೆ. 'ಹಾಡು' ಅನ್ನೋದು 'ಆಡು' ಆಗುತ್ತೆ. ಹಾಡೋದೂ ಆಡೋದೂ ನಮ್ಮವ್ವನ ಬಾಯಲ್ಲಿ ಒಂದೇ ಪದ. ಆ ಬಾಯಿಗೆ ಅಂತ ಬರೆಯೋನು ತನ್ನ ಪ್ರಾಸವನ್ನ 'ಶ', 'ಷ', 'ಹ'ಗಳ ಮೇಲೆ ನಿಲ್ಲಿಸಿದರೆ ಹಾಡು ಮೊದಲ ದಿನವೇ ಮುರಿದು ಬೀಳುತ್ತೆ. ಆಗ ಜನರ ಉಚ್ಚಾರ ಸರಿ ಇಲ್ಲ ಅಂತ ನಗೋದಲ್ಲ. ಬರೆದವನಿಗೆ ಕಿವಿ ಇಲ್ಲ ಅಂತ ತಿಳೀಬೇಕು.

ಕಾಲೇಜಿನ ದಿನಗಳಲ್ಲಿ ಒಂದು ಜಾನಪದ ಗೀತೆಯ ಸ್ಪರ್ಧೆಗೆ ನಮ್ಮ ತಂಡ ತಮಟೆ ಹಿಡಿದು ಹೋಗಿತ್ತು. ತೀರ್ಪುಗಾರರೊಬ್ಬರು 'ಇದರಲ್ಲಿ ರಾಗ ಎಲ್ಲಿದೆ? ಒಂದೇ ಸಾಲನ್ನ ಎಷ್ಟು ಸಲ ತಿರುಗಿಸ್ತೀರಿ?' ಅಂದರು. ಆವತ್ತು ಉತ್ತರ ಹೊಳೆಯಲಿಲ್ಲ. ಈಗ ಹೇಳಬಲ್ಲೆ. ಮೊದಲ ಸಲ ಒಬ್ಬ ಹಾಡ್ತಾನೆ, ಎರಡನೇ ಸಲ ಹತ್ತು ಜನ, ಮೂರನೇ ಸಲ ನೂರು ಜನ. ಕಾಗದದ ಮೇಲೆ ಅದು ಒಂದೇ ಸಾಲು. ಬೀದಿಯಲ್ಲಿ ಅದು ಮೂರು ಬೇರೆ ಬೇರೆ ಘಟನೆ.

ತಮಟೆಯ ಮಾತನ್ನೂ ಇಲ್ಲೇ ಆಡಬೇಕು. ಎಲ್ಲೋ ಹಲಗೆ ಅಂತಾರೆ, ಎಲ್ಲೋ ತಮಟೆ ಅಂತಾರೆ. ಬೆಂಕಿಗೆ ಕಾಯಿಸಿ ಹದಕ್ಕೆ ತಂದ ಚರ್ಮ, ಎರಡು ಕಡ್ಡಿ, ಅಷ್ಟೇ. ಪೆಟ್ಟುಗಳು ಕೆಲವೇ. ಆ ಕೆಲವು ಪೆಟ್ಟಿನಲ್ಲೇ ಮದುವೆ, ಸಾವು, ತೇರು, ಕುಣಿತ ಎಲ್ಲವನ್ನೂ ಬೇರೆ ಬೇರೆ ಮಾಡಿ ಹೇಳ್ತಾರೆ. ಆದರೆ ಸತ್ತ ಮನೆಯ ಮುಂದೆ, ಊರ ದೇವರ ಮುಂದೆ ಬಿಟ್ಟಿಯಾಗಿ ಬಡೀಬೇಕು ಅನ್ನೋ ಕಟ್ಟುಪಾಡು ಇದೇ ತಮಟೆಗೆ ಅಂಟಿತ್ತು. ಇನ್ನು ಬಡಿಯೋಲ್ಲ ಅಂತ ಎಷ್ಟೋ ಕೇರಿಗಳು ತಮಟೆ ಕೆಳಗಿಟ್ಟವು. ಆ ಸಿಟ್ಟು ನ್ಯಾಯವಾದದ್ದು. ಅದೇ ತಮಟೆಯನ್ನ ಮೆರವಣಿಗೆಯ ಮುಂದೆ ತಂದು ನಿಲ್ಲಿಸಿದ್ದೂ ಇದೇ ಚಳುವಳಿ. ಪೆಟ್ಟು ಹಳೆಯದು, ಬಡಿ ಅಂತ ಹೇಳೋ ಯಜಮಾನ ಮಾತ್ರ ಇಲ್ಲ. 2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ಆ ವಾದ್ಯಕ್ಕೆ ಘನತೆ ದಿಲ್ಲಿಯಿಂದ ಬಂದದ್ದಲ್ಲ, ಬಡಿಯೋಲ್ಲ ಅಂದವರಿಂದ ಮತ್ತು ನಮಗಾಗಿ ಬಡೀತೀವಿ ಅಂದವರಿಂದ ಬಂದದ್ದು.

5

ಇಷ್ಟೆಲ್ಲ ಇದ್ದೂ ಇವತ್ತು ನಮ್ಮ ಹಾಡು ಎಲ್ಲಿದೆ?

1978ರಲ್ಲಿ ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಧ್ವನಿಸುರುಳಿ ಬಂತು. ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದರು. ಅಲ್ಲಿಂದ ಕನ್ನಡದಲ್ಲಿ ಕ್ಯಾಸೆಟ್ಟಿನ ಕಾಲ. ಕವಿತೆ ಮನೆಮನೆಗೆ ಹೋಯಿತು ಅನ್ನೋದು ನಿಜ, ನಾನೂ ಆ ಹಾಡು ಕೇಳಿ ಬೆಳೆದವನು. ಆದರೆ ಒಂದು ನಷ್ಟವೂ ಆಯಿತು. ಹಾಡು ಅಂದರೆ ಸ್ಟುಡಿಯೋದ ಕಂಠ, ಪಲ್ಲವಿ ಚರಣದ ನಡುವೆ ಪಿಟೀಲು ಕೊಳಲು, ಹಿಂದೆ ಒಂದು ತಂಡ ಅನ್ನೋ ಕಲ್ಪನೆ ಬೇರೂರಿತು. ಷರೀಫರ ಪದವನ್ನ ಏಕತಾರಿ ದಮ್ಮಡಿ ಹಿಡಿದು ಭಜನೆ ಮಂಡಳಿಯವರು ತಮ್ಮ ಪಾಡಿಗೆ ತಾವು ಹಾಡ್ತಿದ್ದರು. ಸಿ. ಅಶ್ವಥ್ (1939–2009) ಅವರ ಕಂಠ ದೊಡ್ಡದು, ಅವರು ಷರೀಫರಿಗೆ ಮಾಡಿದ ಉಪಕಾರವೂ ದೊಡ್ಡದು. ಆದರೆ ಆ ಕಂಠ ಕೇಳಿದ ಮೇಲೆ 'ನಮಗೆಲ್ಲಿ ಬರುತ್ತೆ ಬಿಡಿ ಸಾರ್' ಅಂತ ಬಾಯಿ ಕಟ್ಟಿಕೊಂಡವರನ್ನ ನಾನು ಬಲ್ಲೆ. ತಪ್ಪು ಅಶ್ವಥರದ್ದಲ್ಲ. ಹಾಡೋರನ್ನ ಕೇಳೋರನ್ನಾಗಿ ಮಾಡಿದ ಮಾರುಕಟ್ಟೆಯದ್ದು.

ಆ ಮಾರುಕಟ್ಟೆ ಈಗ ನಮ್ಮ ಕೇರಿಗೇ ಬಂದಿದೆ. ಏಪ್ರಿಲ್ 14 ಬಂದರೆ ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸೌಂಡ್ ಬಾಕ್ಸು, ಡಿಜೆ. ಯಾವುದೋ ಸಿನಿಮಾ ಹಾಡಿನ ಮಟ್ಟು, ಅದರೊಳಗೆ ಬಾಬಾಸಾಹೇಬರ ಹೆಸರು. ಎದೆ ಅದುರುತ್ತೆ, ಬಾಯಿ ಮುಚ್ಚಿರುತ್ತೆ. ತಮಟೆ ಬಡಿಯೋ ಹಿರಿಯರು ಬದಿಗೆ ನಿಂತಿರ್ತಾರೆ. ಹುಡುಗರು ಕುಣೀತಾರೆ, ಕುಣಿಯೋದು ತಪ್ಪಲ್ಲ. ಆದರೆ ಮಾರನೇ ದಿನ ಕೇಳಿ ನೋಡಿ, ನಿನ್ನೆಯ ಹಾಡಿನ ಎರಡು ಸಾಲು ಹೇಳು ಅಂತ. ಯಾರಿಗೂ ಬರೋಲ್ಲ. ಬಾಡಿಗೆ ಪೆಟ್ಟಿಗೆ ಹೋದ ಕೂಡಲೇ ಹಾಡೂ ಹೋಯಿತು. ನಾಳೆ ಊರಿನಲ್ಲಿ ಒಂದು ದೌರ್ಜನ್ಯ ಆದಾಗ, ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತಾಗ, ಪೊಲೀಸಿನವರು ಮೈಕಿಗೆ ಅನುಮತಿ ಇಲ್ಲ ಅಂದಾಗ, ನಮ್ಮ ಹತ್ತಿರ ಉಳಿದಿರೋ ಹಾಡು ಎಷ್ಟು? ಈ ಲೇಖನ ಬರೆಯೋಕೆ ಕಾರಣವೇ ಈ ಭಯ.

ಸಸಾರ ಅಂತ ನಾನು ಕರೆಯೋದು ಇದನ್ನೇ. ಸಿನಿಮಾ ಮಟ್ಟಿಗೆ ಪದ ತುಂಬೋದು ಸುಲಭ. ಬಾಬಾಸಾಹೇಬರನ್ನ ಸೂರ್ಯ ಅನ್ನೋದು, ಸಿಂಹ ಅನ್ನೋದು, ದೇವರು ಅನ್ನೋದು ಇನ್ನೂ ಸುಲಭ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರೇ ಎಚ್ಚರಿಸಿದ್ದರು, ರಾಜಕೀಯದಲ್ಲಿ ಭಕ್ತಿ, ವ್ಯಕ್ತಿಪೂಜೆ ಅಧಃಪತನಕ್ಕೆ, ಸರ್ವಾಧಿಕಾರಕ್ಕೆ ದಾರಿ ಅಂತ. ಅಂಥವರ ಮೇಲೆ ಆರತಿ ಹಾಡಿನಂಥ ಹಾಡು ಬರೆಯೋದು ಅವರ ಮಾತಿಗೆ ಬೆನ್ನು ತೋರಿಸಿದ ಹಾಗೆ. ಇಂಥ ಹಾಡಿನಲ್ಲಿ ಪದಗಳು ಸರಳವಾಗಿರಬಹುದು, ಒಳಗೆ ಸಂಗತಿ ಇಲ್ಲ. ಒಂದು ಊರಿನ ಬಾವಿ ಇಲ್ಲ, ಒಂದು ದಿನದ ಕೂಲಿ ಇಲ್ಲ, ಹಾಸ್ಟೆಲಿನ ತಟ್ಟೆ ಇಲ್ಲ. ಸಂಗತಿ ಇಲ್ಲದ ಸರಳತೆ ಪೊಳ್ಳು ರಾಗಿಯ ಹಾಗೆ, ತೂರಿದರೆ ಗಾಳಿಗೆ ಹೋಗುತ್ತೆ.

ಇನ್ನೊಂದು ಬಗೆಯ ಸಸಾರವೂ ಇದೆ. ಓದಿದವರು 'ಜನಕ್ಕೆ ಅರ್ಥ ಆಗಲಿ' ಅಂತ ಇಳಿಸಿ ಬರೆಯೋದು. ಮಾತನ್ನ ಬೇಕು ಅಂತ ಒಡೆದು, ಸಾಲಿಗೊಂದು 'ಕಣಲಾ', 'ಬಾರ್ಲಾ' ಸೇರಿಸಿ ಜನಪದ ಅನ್ನೋದು. ಜನರನ್ನ ಮಕ್ಕಳು ಅಂದುಕೊಂಡವರು ಹೀಗೆ ಬರೀತಾರೆ. ಭಾಗೀರಥಿಯ ಕಥೆ ಕಟ್ಟಿದವಳು ಯಾರಿಗೂ ಇಳಿಸಿ ಹೇಳಿರಲಿಲ್ಲ. ತನ್ನ ಸಮಾನರಿಗೆ, ತನ್ನಷ್ಟೇ ಬುದ್ಧಿ ಇರೋರಿಗೆ ಹೇಳಿದ್ದಳು.

6

ಇದು ನಮ್ಮೊಬ್ಬರ ಪ್ರಶ್ನೆಯಲ್ಲ. 'ವಿ ಶಲ್ ಓವರ್‌ಕಮ್' ಹಾಡು ಈಗ ಲೋಕಕ್ಕೆಲ್ಲ ಗೊತ್ತು, ಕನ್ನಡದಲ್ಲೂ ಹಾಡ್ತೇವೆ. 1945–46ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯಲ್ಲಿ ಮುಷ್ಕರ ಹೂಡಿದ ಕೆಲಸಗಾರರು, ಅವರಲ್ಲಿ ಬಹಳ ಮಂದಿ ಕಪ್ಪು ಹೆಂಗಸರು, ಚರ್ಚಿನ ಒಂದು ಹಳೇ ಹಾಡನ್ನ ತಮ್ಮ ಹೋರಾಟಕ್ಕೆ ತಿರುಗಿಸಿಕೊಂಡರು. ಮೂಲದಲ್ಲಿ 'ನಾನು' ಅಂತ ಇದ್ದದ್ದು 'ನಾವು' ಆಯಿತು. ಬದಲಾದದ್ದು ಒಂದು ಪದ. ಅಷ್ಟರಲ್ಲೇ ಒಬ್ಬ ಭಕ್ತನ ಹಾಡು ಒಂದು ವರ್ಗದ ಹಾಡಾಯಿತು. ಒಂದು ಪದ ಬದಲಾಯಿಸಿದರೆ ಇಡೀ ಹಾಡು ತಿರುಗಿ ನಿಲ್ಲಬೇಕಾದರೆ ಆ ಹಾಡಿನಲ್ಲಿ ಬೇಡದ ಪದ ಎಷ್ಟು ಕಡಿಮೆ ಇರಬೇಕು, ಯೋಚನೆ ಮಾಡಿ.

ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಅಂಬೇಡ್ಕರಿ ಜಲಸಾದವರು, ವಾಮನದಾದಾ ಕರ್ಡಕ್ (1922–2004) ಅವರಂಥ ಶಾಹೀರರು ಮಾಡಿದ್ದೂ ಇದೇ. ಓದು ಬಾರದ ವಾಡೆಗಳಿಗೆ ಬಾಬಾಸಾಹೇಬರ ವಿಚಾರ ಮುಟ್ಟಿದ್ದು ಹಾಡಿನ ಮೂಲಕ. ತೆಲುಗಿನಲ್ಲಿ 2023ರಲ್ಲಿ ತೀರಿಕೊಂಡ ಗದ್ದರ್, ಕಂಬಳಿ ಹೊದ್ದು ಕೋಲು ಹಿಡಿದು, ಹಳ್ಳಿಯ ಮಟ್ಟುಗಳಲ್ಲೇ ಸಾವಿರಾರು ಜನರನ್ನ ಹಾಡಿಸಿದರು. ಅವರ ರಾಜಕೀಯದ ಜೊತೆ ಜಗಳ ಆಡೋರೂ ಆ ಹಾಡಿನ ಕಸುಬನ್ನ ಅಲ್ಲಗಳೆಯೋಲ್ಲ.

ಇಷ್ಟು ಹೇಳಿದ ಮೇಲೆ ಬರೀ ಉಪದೇಶದಿಂದ ಮುಗಿಸೋಕೆ ನನಗಿಷ್ಟ ಇಲ್ಲ. ಯಡಿಯೂರು, ಅಮೃತೂರು, ಹುಲಿಯೂರುದುರ್ಗ, ಗುಬ್ಬಿ ಕಡೆಯ ಗೆಳೆಯರಲ್ಲಿ, ಶಾಲೆಯಲ್ಲಿ ಪಾಠ ಮಾಡೋ ಮೇಷ್ಟ್ರು ಮೇಡಂಗಳಲ್ಲಿ ಒಂದು ಕೋರಿಕೆ ಇದೆ. ನೀವು ಹೊಸ ಹಾಡು ಬರೆದರೆ ಅಚ್ಚಿಗೆ ಕಳಿಸೋಕೆ ಮೊದಲು ಒಂದು ಸಂಜೆ ಕೇರಿಯಲ್ಲಿ ಕೂರಿ. ಮೈಕು ಬೇಡ, ಕಾಗದ ಬೇಡ. ಒಂದು ಸಲ ನೀವು ಹಾಡಿ. ಎರಡನೇ ಸಲ ಪಲ್ಲವಿ ಬಂದಾಗ ನೀವು ಬಾಯಿ ಮುಚ್ಚಿಕೊಳ್ಳಿ. ಜನ ಎತ್ತಿಕೊಂಡರೋ ನೋಡಿ. ಎಲ್ಲಿ ತಡವರಿಸ್ತಾರೋ ಆ ಪದಕ್ಕೆ ಗೀಟು ಹಾಕಿ. ಎಲ್ಲಿ ತಮ್ಮದೇ ಪದ ಸೇರಿಸ್ತಾರೋ ಅದನ್ನ ಬರೆದುಕೊಳ್ಳಿ, ಬಹುಪಾಲು ನಿಮ್ಮದಕ್ಕಿಂತ ಅದೇ ಚೆನ್ನಾಗಿರುತ್ತೆ. ಮೂರನೇ ಸಲ ಒಬ್ಬ ಅಜ್ಜಿಯನ್ನ ಎತ್ತಿಕೊಡೋಕೆ ಕೇಳಿ. ಆಯಮ್ಮನ ಉಸಿರಿಗೆ ಸಾಲು ಉದ್ದ ಆದರೆ ಕತ್ತರಿಸಿ.

ವಿಮರ್ಶಕರಲ್ಲೂ ಒಂದು ಮಾತು. ನಮ್ಮ ಹಾಡನ್ನ ಹೊಗಳಲೇಬೇಕು ಅಂತ ನಾವು ಕೇಳ್ತಾ ಇಲ್ಲ. ಕೆಟ್ಟದ್ದಾದರೆ ಕೆಟ್ಟದ್ದು ಅನ್ನಿ, ಯಾವ ಸಾಲು ಯಾಕೆ ಸೋತಿತು ಅಂತ ತೋರಿಸಿ. ಆದರೆ ಪುಸ್ತಕದಲ್ಲಿ ಓದಿ ಬರೀಬೇಡಿ. ಮುಂದಿನ ಧರಣಿಗೆ ಬನ್ನಿ, ಹಿಂದಿನ ಸಾಲಿನಲ್ಲಿ ನಿಂತುಕೊಳ್ಳಿ, ಎರಡನೇ ಸಲ ಯಾರು ಯಾರು ಹಾಡಿದರು ಅಂತ ಎಣಿಸಿ. ಆಮೇಲೆ ಬರೆಯಿರಿ.